ದುರ್ಗ ಬಿದ್ದ ಮೇಲೆ ನೆನಪು ಎಲ್ಲಿ ಉಳಿಯಿತು?

1779ರಲ್ಲಿ ಚಿತ್ರದುರ್ಗ ಹೈದರಾಲಿಯ ಕೈಸೇರಿತು. ಎರಡು ವರ್ಷ ಮೊದಲು ಇದೇ ಕೋಟೆಗೆ ಮುತ್ತಿಗೆ ಹಾಕಿದ್ದವನು ಮರಾಠರ ದಂಡು ಬರುತ್ತಿದೆ ಎಂಬ ಸುದ್ದಿಗೆ ಅರ್ಧದಲ್ಲೇ ಎದ್ದು ಹೋಗಿದ್ದ. ಈ ಸಲ ಕೋಟೆಯೊಳಗಿನ ಸೈನಿಕರಲ್ಲೇ ಕೆಲವರನ್ನು ಒಲಿಸಿಕೊಂಡ. ಏಳು ಸುತ್ತಿನ ಕೋಟೆಗೆ ಹೊರಗಿನ ಫಿರಂಗಿಯಿಂದ ಆಗದ ಕೇಡು ಒಳಗಿನಿಂದ ಆಯಿತು. ಕಡೆಯ ದೊರೆ ಮದಕರಿನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಅಲ್ಲಿಂದ ಮತ್ತೆ ದುರ್ಗದ ಕಡೆ ಬರಲಿಲ್ಲ.

ಅವನೊಬ್ಬನೇ ಹೋಗಲಿಲ್ಲ. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಹೇಳುವ ಪ್ರಕಾರ ದುರ್ಗದ ಸುತ್ತಿನ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿ ನೆಲೆಗೊಳಿಸಲಾಯಿತು. ಅವರ ಎಳೆಯ ಹುಡುಗರನ್ನು ಆರಿಸಿ, ಕವಾಯತು ಕಲಿಸಿ, ಚೇಲಾ ಪಡೆ ಎಂಬ ಹೊಸ ದಳ ಕಟ್ಟಲಾಯಿತು. ಒಂದು ನಾಡಿನ ಯುದ್ಧವನ್ನು ಕಣ್ಣಾರೆ ಕಂಡವರಲ್ಲಿ ಬಹುಪಾಲು ಜನ ಆ ನೆಲದಲ್ಲೇ ಇಲ್ಲವಾದರು. ಹಾಗಿದ್ದೂ ಇವತ್ತು ಹಿರಿಯೂರಿನ ಬಸ್‌ ನಿಲ್ದಾಣದಲ್ಲೋ ಹೊಳಲ್ಕೆರೆಯ ಸಂತೆಯಲ್ಲೋ ಯಾರನ್ನಾದರೂ ಕೇಳಿ ನೋಡಿ, ಮದಕರಿನಾಯಕನ ಕಥೆ ಹೇಳುತ್ತಾರೆ. ಮುತ್ತಿಗೆಯ ಹೊತ್ತಿನಲ್ಲಿ ಒನಕೆ ಹಿಡಿದು ನಿಂತ ಓಬವ್ವನ ಕಥೆಯನ್ನಂತೂ ಮಕ್ಕಳೂ ಹೇಳುತ್ತಾರೆ. ಕಂಡವರು ಹೋದ ಮೇಲೂ ಕಂಡದ್ದು ಹೇಗೆ ಉಳಿಯಿತು ಎಂಬುದು ಇತಿಹಾಸದ ಪ್ರಶ್ನೆಯೂ ಹೌದು, ಮನುಷ್ಯನ ತಲೆಯೊಳಗೆ ನೆನಪು ಹೇಗೆ ಕೂರುತ್ತದೆ ಎಂಬ ಪ್ರಶ್ನೆಯೂ ಹೌದು. ಎರಡನ್ನೂ ಜೊತೆಗಿಟ್ಟು ನೋಡದೆ ದುರ್ಗದ ಕಥೆ ನನಗೆ ಪೂರ್ತಿ ಅನ್ನಿಸುವುದಿಲ್ಲ.

ಕಂಡವರ ಮಾತು ಕಾಗದಕ್ಕೆ ಬಂದ ಕಾಲ ತುಂಬ ಚಿಕ್ಕದು. 1801ರಲ್ಲಿ, ಸೀಮೆ ಸೀಮೆ ತಿರುಗಿ ಕಂಡದ್ದನ್ನು ಬರೆದಿಡುತ್ತಿದ್ದ ಫ್ರಾನ್ಸಿಸ್ ಬುಕಾನನ್ ಬಿದನೂರಿನ ಕಡೆಯಿಂದ ದುರ್ಗದ ಸೀಮೆ ದಾಟಿ ಹಿರಿಯೂರಿಗೆ ಬಂದ. ಕೋಟೆ ಬಿದ್ದು ಆಗ 22 ವರ್ಷ. ಮುತ್ತಿಗೆಯ ಹೊತ್ತಿಗೆ ಹರೆಯದಲ್ಲಿದ್ದವರು ನಡುವಯಸ್ಸಿನವರಾಗಿದ್ದರು, ಊರುಗಳ ಗಾಯ ಇನ್ನೂ ಹಸಿಯಾಗಿತ್ತು. ಅದೇ ವರ್ಷಗಳಲ್ಲಿ, ಸರ್ವೆ ನಡೆಸುತ್ತಿದ್ದ ಕಾಲಿನ್ ಮೆಕೆಂಜಿಯ ಕಡೆಯವರು ಮೈಸೂರು ಸೀಮೆಯ ಊರೂರು ತಿರುಗಿ ಕೈಫಿಯತ್ತು, ಅಂದರೆ ಊರಿನ ಹಿಂದಿನ ಸಂಗತಿಗಳ ಬರಹ, ಬರೆಸಿಕೊಂಡರು. ಶಾನುಭೋಗರು, ಹಳೆಯ ಮನೆತನದವರು, ಮಠದವರು ತಮಗೆ ಗೊತ್ತಿದ್ದುದನ್ನು ಹೇಳಿದರು. ವಿಲ್ಕ್ಸ್ 1803ರಿಂದ 1808ರವರೆಗೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ. ಅವನ ಪುಸ್ತಕದ ಮೊದಲ ಸಂಪುಟ 1810ರಲ್ಲಿ, ಉಳಿದವು 1817ರಲ್ಲಿ ಬಂದವು. ದುರ್ಗದ ಬೇಡರು ಸೋಮವಾರ ದೇವಿಯ ಪೂಜೆ ಮುಗಿಸಿ, ಕೊಂಬು ಊದಿ, ಕೋಟೆಯಿಂದ ಹೊರಬಿದ್ದು ಶತ್ರುವಿನ ಮೇಲೆ ಎರಗುತ್ತಿದ್ದರು ಎಂದು ಅವನು ಬರೆಯುತ್ತಾನೆ. ಕೊಂಬಿನ ಸದ್ದು ಕೇಳಿದ ಮೇಲೆ ಎದುರಾಳಿಗೆ ಗೊತ್ತಿಲ್ಲದಿದ್ದುದು ಯಾವ ಕಡೆಯಿಂದ ಬರುತ್ತಾರೆ ಎಂಬುದೊಂದೇ. ದಿನ, ಸದ್ದು, ಪೂಜೆ ಎಲ್ಲ ಸೇರಿದ ಇಂಥ ವಿವರ ಬದುಕಿರುವ ಬಾಯಿಂದಲೇ ಬಂದಿರಬೇಕು.

ಆಫ್ರಿಕಾದ ಮೌಖಿಕ ಪರಂಪರೆಗಳ ಮೇಲೆ ಬಾಳಿನುದ್ದಕ್ಕೂ ಕೆಲಸ ಮಾಡಿದ ಯಾನ್ ವಾನ್ಸಿನಾ ಒಂದು ಸಂಗತಿ ಗುರುತಿಸಿದ್ದರು. ಜನರ ಬಾಯಲ್ಲಿ ಹತ್ತಿರದ ಎರಡು ಮೂರು ತಲೆಮಾರಿನ ಸಂಗತಿಗಳು ದಟ್ಟವಾಗಿರುತ್ತವೆ, ಮೂಲಪುರುಷನ ಕಥೆಯೂ ದಟ್ಟವಾಗಿರುತ್ತದೆ, ನಡುವಿನದು ಕರಗಿ ಹೋಗುತ್ತದೆ. ದುರ್ಗದ ಪಾಳೆಯಗಾರರ ಪರಂಪರೆಗೆ ಇದನ್ನು ಹಿಡಿದು ನೋಡಿ. ಮೊದಲನೆಯವನಾದ ತಿಮ್ಮಣ್ಣನಾಯಕನಿಗೆ ವಿಜಯನಗರದವರು ಮೊದಲು ಹೊಳಲ್ಕೆರೆಯ, ಆಮೇಲೆ ಹಿರಿಯೂರಿನ, ಕಡೆಗೆ ಚಿತ್ರದುರ್ಗದ ನಾಯಕತನ ಕೊಟ್ಟರೆಂದು ಗೆಜೆಟಿಯರು ಹೇಳುತ್ತದೆ. ನಡುವೆ ಹೊಸದುರ್ಗದ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದ ಚಿಕ್ಕಣ್ಣನಾಯಕ, ಕೆರೆ ಗುಡಿಗಳನ್ನು ಕಟ್ಟಿಸಿದ ಭರಮಣ್ಣನಾಯಕ, ಕಸ್ತೂರಿ ರಂಗಪ್ಪನಾಯಕ ಹೀಗೆ ಹಲವರು ಆಳಿದರು. ಮದಕರಿ ಎಂಬ ಹೆಸರಿನವರೇ ಒಬ್ಬರಿಗಿಂತ ಹೆಚ್ಚು ಜನ. ಆದರೆ ಜನರ ಮಾತಿನಲ್ಲಿ ಮದಕರಿ ಎಂದರೆ ಒಬ್ಬನೇ, ಕೋಟೆಯ ಜೊತೆಗೆ ಬಿದ್ದವನು.

ಪ್ರಯೋಗಶಾಲೆಯಲ್ಲಿ ಹೆಸರುಗಳ ಪಟ್ಟಿ ಓದಿಸಿ ನೆನಪಿಸಿಕೊಳ್ಳಲು ಹೇಳಿದರೂ ಹೆಚ್ಚು ಕಡಿಮೆ ಹೀಗೇ ಆಗುತ್ತದೆ. ಮೊದಲಿನವು ಬರುತ್ತವೆ, ಕೊನೆಯವು ಬರುತ್ತವೆ, ನಡುವಿನವು ಜಾರುತ್ತವೆ. 1966ರಲ್ಲಿ ಗ್ಲಾಂಜರ್ ಮತ್ತು ಕೂನಿಟ್ಸ್ ಎಂಬ ಇಬ್ಬರು ಇದಕ್ಕೆ ಎರಡು ಬೇರೆ ಕಾರಣಗಳಿವೆ ಎಂದು ತೋರಿಸಿದರು. ಪಟ್ಟಿ ಮುಗಿದ ಕೂಡಲೇ ಅರ್ಧ ನಿಮಿಷ ಲೆಕ್ಕ ಎಣಿಸಲು ಹಚ್ಚಿದರೆ ಕೊನೆಯ ಪದಗಳು ಅಳಿಸಿಹೋಗುತ್ತವೆ, ಮೊದಲಿನವು ಕದಲುವುದಿಲ್ಲ. ಕೊನೆಯವು ಅಲ್ಪಾವಧಿ ನೆನಪಿನಲ್ಲಿ ತೇಲುತ್ತಿದ್ದವು; ಮೊದಲಿನವು ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡದ್ದರಿಂದ ದೀರ್ಘಾವಧಿ ನೆನಪಿಗೆ ಇಳಿದಿದ್ದವು. ಒಂದು ನಾಡಿನ ನೆನಪು ಒಂದು ಮಿದುಳಿನ ನೆನಪಲ್ಲ, ಒಂದರ ನಿಯಮ ಇನ್ನೊಂದಕ್ಕೆ ನೇರ ಕೂರುವುದಿಲ್ಲ. ಆದರೂ ನಾಡಿನ ನೆನಪನ್ನು ಹೊತ್ತು ತಂದವರೆಲ್ಲ ಒಬ್ಬೊಬ್ಬರೇ ಮನುಷ್ಯರು. ಪ್ರತಿ ಕಥೆಯೂ ಯಾರದೋ ತಲೆಯ ಇಕ್ಕಟ್ಟಿನ ಬಾಗಿಲನ್ನು ಹಾದೇ ಮುಂದಕ್ಕೆ ಹೋಗಬೇಕು.

ಆ ಬಾಗಿಲು ಎಷ್ಟು ಇಕ್ಕಟ್ಟು ಎಂಬುದು ತಿಳಿದು ಬಹಳ ಕಾಲವಾಗಿಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ ತನ್ನ ಮರೆವನ್ನು ಅಳೆದ. ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಂದು ಗಂಟೆಯೊಳಗೇ ಹೋಗುತ್ತಿತ್ತು. ಆಮೇಲೆ ಸೋರಿಕೆ ನಿಧಾನವಾಗುತ್ತಿತ್ತು. 1956ರಲ್ಲಿ ಜಾರ್ಜ್ ಮಿಲ್ಲರ್ ಮನಸ್ಸು ಒಂದು ಸಲಕ್ಕೆ ಏಳರ ಆಸುಪಾಸಿನ ಸಂಗತಿಗಳನ್ನಷ್ಟೇ ಹಿಡಿದಿಡುತ್ತದೆ ಎಂದ. 2001ರಲ್ಲಿ ನೆಲ್ಸನ್ ಕೋವನ್ ಅದನ್ನೂ ಇಳಿಸಿ, ಮನಸ್ಸಿನಲ್ಲೇ ಉರು ಹೊಡೆಯಲು ಬಿಡದಿದ್ದರೆ ನಾಲ್ಕರ ಸುಮಾರು ಎಂದ. 1959ರಲ್ಲಿ ಪೀಟರ್‌ಸನ್ ದಂಪತಿ ಬರೀ ಮೂರು ವ್ಯಂಜನ ಕೊಟ್ಟು, ಕೂಡಲೇ ಮೂರು ಮೂರರಂತೆ ಹಿಂದಕ್ಕೆ ಎಣಿಸಲು ಹೇಳಿದರು. 18 ಸೆಕೆಂಡಿನಲ್ಲಿ ಆ ಮೂರು ಅಕ್ಷರಗಳೂ ಬಹುಪಾಲು ಮಾಯವಾಗುತ್ತಿದ್ದವು.

ಅಲ್ಪಾವಧಿಯದು ದೀರ್ಘಾವಧಿಗೆ ದಾಟುವ ಹಾದಿ ಎಲ್ಲಿದೆ ಎಂಬುದನ್ನು ಒಬ್ಬ ರೋಗಿಯ ದುರಂತ ತೋರಿಸಿಕೊಟ್ಟಿತು. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ ಯುವಕನ ಮೂರ್ಛೆರೋಗ ವಾಸಿ ಮಾಡಲು ವಿಲಿಯಂ ಸ್ಕೋವಿಲ್ ಅವನ ಮಿದುಳಿನ ಎರಡೂ ಕಡೆಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದುಹಾಕಿದರು. ಮೂರ್ಛೆ ಕಡಿಮೆಯಾಯಿತು, ಹೊಸ ನೆನಪು ನಿಂತೇ ಹೋಯಿತು. ಮಾತು ಮುಂದುವರಿಯುವಷ್ಟು ಹೊತ್ತು ಎಲ್ಲ ಸರಿ. ಬಂದವರು ಹೊರಗೆ ಹೋಗಿ ಮತ್ತೆ ಒಳಬಂದರೆ ಅವರು ಹೊಸಬರು. 2008ರಲ್ಲಿ ತೀರಿಕೊಳ್ಳುವವರೆಗೂ ಹಾಗೆಯೇ ಬದುಕಿದ. ಆದರೆ ಅವನನ್ನು ವರ್ಷಗಟ್ಟಲೆ ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಇನ್ನೊಂದನ್ನು ಕಂಡರು. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವ ಕೆಲಸದಲ್ಲಿ ಅವನ ಕೈ ದಿನದಿಂದ ದಿನಕ್ಕೆ ಪಳಗಿತು. ಹಿಂದೆ ಅದನ್ನು ಮಾಡಿದ್ದೇ ಅವನಿಗೆ ನೆನಪಿರಲಿಲ್ಲ. ಕೈಯ ನೆನಪಿಗೆ ಬೇರೆ ಹಾದಿಯಿದೆ ಎಂಬುದು ಹೀಗೆ ಖಾತ್ರಿಯಾಯಿತು.

ಕೈಯ ನೆನಪು ಎಂದಾಗ ನನಗೆ ಒನಕೆಯೇ ಕಣ್ಣಮುಂದೆ ಬರುತ್ತದೆ. ಗಿರಣಿ ಬರುವ ಮುಂಚೆ ದುರ್ಗದ ಸೀಮೆಯ ಮನೆಮನೆಯಲ್ಲೂ ನವಣೆ, ಸಾಮೆ, ಭತ್ತ ಒರಳಿಗೆ ಬೀಳುತ್ತಿದ್ದವು. ಒಂದೇ ಒರಳಿಗೆ ಇಬ್ಬರು ಹೆಂಗಸರು ಎದುರು ಬದುರು ನಿಂತು, ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯುವಂತೆ ಕುಟ್ಟುತ್ತಿದ್ದರು. ಅಂಗೈ ಹಿಡಿತ ಸಡಿಲಿಸಿ ಬಿಗಿಯುವುದಕ್ಕೂ, ಉಸಿರು ಬಿಡುವುದಕ್ಕೂ, ಪದದ ಸಾಲು ಮುಗಿಯುವುದಕ್ಕೂ ಒಂದೇ ಲಯ. ಲಯ ತಪ್ಪಿದರೆ ಒನಕೆಗೆ ಒನಕೆ ತಗಲುತ್ತಿತ್ತು. ಕುಟ್ಟುವ ಪದ, ಬೀಸುವ ಪದ, ಸೋಬಾನೆ ಪದಗಳು ಹೀಗೆ ಕೆಲಸದ ಜೊತೆಗೇ ಮೈಗೆ ಹತ್ತಿದವು. ಹುಡುಗಿ ಹಾಡನ್ನು ಕಲಿಯಲು ಕೂರುತ್ತಿರಲಿಲ್ಲ. ಒನಕೆ ಹಿಡಿಯುತ್ತಿದ್ದಳು, ಹಾಡು ಬರುತ್ತಿತ್ತು.

ಹೀಗೆ ಬಂದ ಹಾಡು ಎಷ್ಟರಮಟ್ಟಿಗೆ ಒಬ್ಬರ ತಲೆಯಲ್ಲಿ ನಿಲ್ಲಬಹುದು ಎಂಬುದಕ್ಕೆ ಈ ಜಿಲ್ಲೆಯಲ್ಲೇ ಸಾಕ್ಷಿಯಿತ್ತು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಕೃಷ್ಣಮೂರ್ತಿ ಹನೂರರು ಅವರೆದುರು ಕೂತು ಕೇಳಿಸಿಕೊಂಡಾಗ ಹೊರಬಂದದ್ದು ಸಾವಿರಾರು ಪದ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಇವರೆಲ್ಲ ಹಾಡಿನಲ್ಲೇ ಬದುಕಿದ ವೀರರು. ಹಿರಿಯೂರು, ಹೊಸದುರ್ಗದ ಬಯಲಿನಲ್ಲೂ ಜುಂಜಪ್ಪನ ಒಕ್ಕಲಿದ್ದಾರೆ. ಉದ್ದನೆಯ ಬಿದಿರಿನ ಗಣೆ ಊದುತ್ತ ಅವನ ಕಾವ್ಯ ಹಾಡುತ್ತಾರೆ. ಗಣೆಯ ದನಿಯೆದ್ದರೆ ಹಾಡುವವನಿಗೆ ಮುಂದಿನ ಸಾಲು ತಾನಾಗಿ ಬರುತ್ತದೆ. ಗಣೆ ಇಲ್ಲದೆ, ಕೂತಲ್ಲೇ ಹೇಳು ಎಂದರೆ ಅದೇ ಸಾಲು ತಡವರಿಸುತ್ತದೆ.

ಇವರು ಇಷ್ಟನ್ನೂ ಅಕ್ಷರಶಃ ಬಾಯಿಪಾಠ ಮಾಡಿರುತ್ತಾರೆಯೇ? 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯಾದ ಹಳ್ಳಿಗಾಯಕರ ನಡುವೆ ಈ ಪ್ರಶ್ನೆ ಹಿಡಿದು ಓಡಾಡಿದರು. ಗಾಯಕ ಪದಕ್ಕೆ ಪದ ನೆನಪಿಡುವುದಿಲ್ಲ ಎಂಬುದು ಅವರಿಗೆ ಸಿಕ್ಕ ಉತ್ತರ. ಅವನ ಬಳಿ ಸಿದ್ಧ ಪದಗುಚ್ಛಗಳಿರುತ್ತವೆ, ವೀರ ಹೊರಡುವುದು, ಸಭೆ ಸೇರುವುದು ಇಂಥ ಸಿದ್ಧ ಸನ್ನಿವೇಶಗಳಿರುತ್ತವೆ, ಲಯದ ಅಚ್ಚು ಇರುತ್ತದೆ. ಅವುಗಳಿಂದ ಕಥೆಯನ್ನು ಪ್ರತಿ ಸಲವೂ ಹೊಸದಾಗಿ ಕಟ್ಟುತ್ತಾನೆ. ನಮ್ಮ ತುಳುನಾಡಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರಿಂದ ದಾಖಲಿಸಿಕೊಂಡ ಸಿರಿ ಕಾವ್ಯ ಅಚ್ಚಿನಲ್ಲಿ 15,683 ಸಾಲಾಯಿತು. ಮನಸ್ಸು ಹಿಡಿಯಬಲ್ಲ ನಾಲ್ಕು ಸಂಗತಿಗಳಲ್ಲಿ ಒಂದೊಂದೂ ಇಡೀ ಸನ್ನಿವೇಶವೇ ಆಗಿಬಿಟ್ಟರೆ, ಆ ಇಕ್ಕಟ್ಟಿನ ಬಾಗಿಲಿನಲ್ಲೇ ಮಹಾಕಾವ್ಯ ದಾಟುತ್ತದೆ.

ಈಗ ಓಬವ್ವನ ಕಥೆಗೆ ಬರೋಣ. ಕೋಟೆಯ ಕಾವಲುಗಾರ ಊಟಕ್ಕೆ ಬಂದಿದ್ದಾನೆ. ಅವನ ಹೆಂಡತಿ ಓಬವ್ವ ನೀರಿಗೆ ಹೋಗಿದ್ದಾಳೆ. ಬಂಡೆಯ ಕಿಂಡಿಯಿಂದ ವೈರಿಯ ಸೈನಿಕ ತಲೆ ಹೊರಗೆ ಹಾಕುವುದನ್ನು ಕಂಡು, ಗಂಡನನ್ನು ಊಟದಿಂದ ಎಬ್ಬಿಸದೆ, ಒನಕೆ ಹಿಡಿದು ನಿಲ್ಲುತ್ತಾಳೆ. ಒಬ್ಬೊಬ್ಬನೇ ನುಸುಳಿದ ಹಾಗೆ ಹೊಡೆದು, ಹೆಣವನ್ನು ಪಕ್ಕಕ್ಕೆಳೆಯುತ್ತಾಳೆ. ಇಷ್ಟೇ ಕಥೆ. ಊಟ, ನೀರು, ಕಿಂಡಿ, ಒನಕೆ. ಕೇಳಿದವರು ಒಂದೇ ಸಲಕ್ಕೆ ಹಿಡಿದಿಟ್ಟು ಇನ್ನೊಬ್ಬರಿಗೆ ದಾಟಿಸಬಹುದಾದಷ್ಟೇ ಸಂಗತಿ ಇದರಲ್ಲಿದೆ. ಒಂದನ್ನು ತೆಗೆದರೆ ಕಥೆ ನಿಲ್ಲುವುದಿಲ್ಲ. 1770ರ ದಶಕದ ನಿಜವಾದ ರಾಜಕಾರಣ ಹೀಗಿರಲಿಲ್ಲ. ಪೂನಾದ ಪೇಶ್ವೆಗಳು, ಶ್ರೀರಂಗಪಟ್ಟಣ, ಕಪ್ಪಕಾಣಿಕೆ, ಒಂದು ವರ್ಷ ಮಿತ್ರರಾದವರು ಮರುವರ್ಷ ಶತ್ರುಗಳಾಗುವುದು, 1763ರಲ್ಲಿ ಬಿದನೂರಿನ ವಿಷಯದಲ್ಲಿ ಹೈದರನ ಜೊತೆಗಿದ್ದ ದುರ್ಗವೇ 1770ರಲ್ಲಿ ನಿಜಗಲ್ಲಿನ ಮುತ್ತಿಗೆಯಲ್ಲಿ ಮರಾಠರ ಜೊತೆ ನಿಂತದ್ದು. ಇದು ಒಂದು ಬಾಯಿಂದ ಇನ್ನೊಂದು ಬಾಯಿಗೆ ದಾಟುವಂಥದ್ದಲ್ಲ. ಕಾಗದ ಇಲ್ಲದಿದ್ದರೆ ಪೂರ್ತಿ ಹೋಗಿಬಿಡುತ್ತಿತ್ತು.

ವಿಲ್ಕ್ಸ್ ಬರೆದ ಮುತ್ತಿಗೆಯಲ್ಲಿ ಓಬವ್ವ ಇಲ್ಲ. ಅದನ್ನೇ ಹಿಡಿದು ಆಕೆ ಇರಲೇ ಇಲ್ಲ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮೈಸೂರಿನ ದರಬಾರಿನ ಹತ್ತಿರ ಕೂತ ಸೇನಾಧಿಕಾರಿಯ ಕಿವಿಗೆ ಕಾವಲುಗಾರನ ಹೆಂಡತಿಯ ಸುದ್ದಿ ಯಾಕೆ ಬಿದ್ದೀತು? ಹಾಗೆಂದು ಕಥೆ ಇದ್ದಹಾಗೇ ಉಳಿದು ಬಂದಿದೆ ಎನ್ನುವುದೂ ಸರಿಯಲ್ಲ. 1932ರಲ್ಲಿ ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್‌ಲೆಟ್ ತೋರಿಸಿದ ಹಾಗೆ, ಕೇಳಿದ ಕಥೆಯನ್ನು ಮತ್ತೆ ಹೇಳುವಾಗ ಮನುಷ್ಯ ಅಪರಿಚಿತ ವಿವರಗಳನ್ನು ಕೈಬಿಟ್ಟು ತನಗೆ ಗೊತ್ತಿರುವ ಅಚ್ಚಿಗೆ ಅದನ್ನು ಹೊಂದಿಸುತ್ತಾನೆ. ಮಿದುಳಿನ ಮಟ್ಟದಲ್ಲೂ ಹೀಗೇ. ನೆನಪನ್ನು ಹೊರತೆಗೆದಾಗ ಅದು ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ, ಮತ್ತೆ ಗಟ್ಟಿಯಾಗಲು ಹೊಸ ಪ್ರೋಟೀನು ಬೇಕಾಗುತ್ತದೆ ಎಂಬುದನ್ನು 2000ದಲ್ಲಿ ಕರೀಮ್ ನಾದರ್ ಮತ್ತು ಸಂಗಡಿಗರು ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡರು. ಅದೇ ವರ್ಷ ನೊಬೆಲ್ ಪಡೆದ ಎರಿಕ್ ಕಾಂಡೆಲ್ ಕಡಲ ಬಸವನಹುಳುವಿನಲ್ಲಿ ತೋರಿಸಿದ್ದು ಇದರ ಬುನಾದಿ: ಅಲ್ಪಾವಧಿಯ ನೆನಪಿಗೆ ನರಕೋಶಗಳ ನಡುವೆ ಇರುವ ಸಂಪರ್ಕವೇ ಕೆಲಕಾಲ ಬಿಗಿಯಾದರೆ ಸಾಕು, ದೀರ್ಘಾವಧಿಯದಕ್ಕೆ ಜೀನುಗಳು ಕೆಲಸಕ್ಕಿಳಿದು ಹೊಸ ಸಂಪರ್ಕಗಳೇ ಹುಟ್ಟಬೇಕು. ಹೇಳಿದಷ್ಟೂ ನೆನಪು ಉಳಿಯುತ್ತದೆ, ಹೇಳಿದಷ್ಟೂ ಅದು ಬದಲಾಗುತ್ತದೆ. ದುರ್ಗದ ಕಥೆಗಳಿಗೆ ಎರಡೂ ಆಗಿದೆ.

ಓಬವ್ವನ ಕಥೆಗೆ ಇನ್ನೊಂದು ಆಸರೆಯಿತ್ತು, ಜಾಗ. ಕಿಂಡಿ ಇವತ್ತಿಗೂ ಅಲ್ಲೇ ಇದೆ. ಎರಡು ಬಂಡೆಗಳ ನಡುವಿನ ಸಂದು. ಬೆನ್ನು ಬಗ್ಗಿಸಿ, ಮೈ ಓರೆ ಮಾಡಿ ನುಸುಳಬೇಕು, ತಲೆಯೇ ಮೊದಲು ಹೊರಬರಬೇಕು. ಸಮೀಪದಲ್ಲೇ ತಣ್ಣೀರು ದೋಣಿ. ನೋಡಿದವರಿಗೆ ಕಥೆ ಅರ್ಥವಾಗಲು ಮಾತೇ ಬೇಡ, ಬಂಡೆಯೇ ಅದನ್ನು ಹೇಳುತ್ತದೆ. ಗ್ರೀಕರ ಭಾಷಣಕಾರರು ಮನಸ್ಸಿನಲ್ಲೇ ಒಂದು ಮನೆ ಕಟ್ಟಿಕೊಂಡು, ಕೋಣೆಕೋಣೆಯಲ್ಲಿ ಒಂದೊಂದು ಸಂಗತಿ ಇಟ್ಟು, ಆಮೇಲೆ ಮನಸ್ಸಿನಲ್ಲೇ ನಡೆದು ಹೋಗಿ ಎತ್ತಿಕೊಳ್ಳುತ್ತಿದ್ದರಂತೆ. ಜಾಗದ ನೆನಪು ಹೊರುವುದೂ ಹಿಪೊಕ್ಯಾಂಪಸ್ಸೇ. ದುರ್ಗದವರಿಗೆ ಮನಸ್ಸಿನಲ್ಲಿ ಮನೆ ಕಟ್ಟುವ ಅಗತ್ಯ ಬೀಳಲಿಲ್ಲ. ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಉಯ್ಯಾಲೆ ಕಂಬ, ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ, ತುಪ್ಪದ ಕೊಳ. ಬೆಟ್ಟ ಹತ್ತಿದ ಕ್ರಮದಲ್ಲೇ ಕಥೆಗಳು ಸಾಲಾಗಿ ಬರುತ್ತವೆ. ಜನರನ್ನು ಸಾಗಿಸಿದ ಹೈದರನಿಗೆ ಬೆಟ್ಟವನ್ನು ಸಾಗಿಸಲಾಗಲಿಲ್ಲ.

ಆದರೆ ಕಲ್ಲು ತಾನಾಗಿ ನೆನಪಿಡುತ್ತದೆ ಎಂದು ನಂಬಬಾರದು. ಇದೇ ಜಿಲ್ಲೆಯ ಉತ್ತರಕ್ಕೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಅಶೋಕನ ಶಾಸನವಿರುವ ಬಂಡೆಯನ್ನು ಜನ ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದರ ಮೇಲಿದೆ. ಬರೆದ ಲಿಪಿಕಾರ ಚಪಡ ತನ್ನ ಕೆಲಸದ ಹೆಸರನ್ನು ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಅಕ್ಷರಗಳಿವೆ ಎಂಬುದು ಊರಿಗೆಲ್ಲ ಗೊತ್ತು, ಓದಲು ಬರುವವರು ಇಲ್ಲ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಗುರುತಿಸುವ ಹೊತ್ತಿಗೆ ಎರಡು ಸಾವಿರ ವರ್ಷ ದಾಟಿತ್ತು. 1966ರಲ್ಲಿ ಎಂಡೆಲ್ ಟುಲ್ವಿಂಗ್ ಮತ್ತು ಪರ್ಲ್‌ಸ್ಟೋನ್ ಪ್ರಯೋಗದಿಂದ ತೋರಿಸಿದ್ದು ಇದನ್ನೇ. ಸಂಗತಿ ಮನಸ್ಸಿನಲ್ಲಿ ಇರುವುದು ಬೇರೆ, ಕೈಗೆ ಸಿಗುವುದು ಬೇರೆ. ಸುಳಿವು ಕೊಟ್ಟರೆ ಮರೆತೆವೆಂದುಕೊಂಡ ಎಷ್ಟೋ ಪದಗಳು ಎದ್ದು ಬರುತ್ತವೆ. ಅಕ್ಷರಗುಂಡಿನ ಸುಳಿವು ಲಿಪಿ. ಅದು ಕಳೆದುಹೋಗಿತ್ತು. ಓಬವ್ವನ ಸುಳಿವು ಒನಕೆ, ಅದು ಮನೆಮನೆಯ ಮೂಲೆಯಲ್ಲಿ ನಿಂತಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಒನಕೆ ಮೂಲೆಯಿಂದ ಎದ್ದು ಹೋಗುವ ಹೊತ್ತಿಗೆ ಬೇರೆ ಆಸರೆಗಳು ಬಂದವು. ಹುಲ್ಲೂರು ಶ್ರೀನಿವಾಸ ಜೋಯಿಸರು ತಮ್ಮ ಬಾಳನ್ನೇ ದುರ್ಗದ ತಾಳೆಗರಿ, ಬಖೈರು, ಶಾಸನಗಳನ್ನು ಕೂಡಿಹಾಕುವುದಕ್ಕೆ ಕೊಟ್ಟರು. ಅವರಿಗೆ ಈ ಸೀಮೆ ಎಷ್ಟು ಋಣಿಯಾಗಿದ್ದರೂ ಕಡಿಮೆಯೇ. ತ. ರಾ. ಸುಬ್ಬರಾಯರು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ತೊಡಗಿ ‘ದುರ್ಗಾಸ್ತಮಾನ’ದವರೆಗೆ ಪಾಳೆಯಗಾರರಿಗೆ ಮುಖ, ಮಾತು, ಸಂಕಟ ಕೊಟ್ಟರು. 1984ರಲ್ಲಿ ಅವರು ತೀರಿಕೊಂಡರು, ಮರುವರ್ಷ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಹತ್ತಿರದ ಮದಕರಿಯೊಬ್ಬನೇ ಕಾಣುತ್ತಿದ್ದ ಜನರಿಗೆ ನಡುವಿನ ನಾಯಕರನ್ನು ಅವರು ಮರಳಿ ದೊರಕಿಸಿದರು. ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ 1994ರಲ್ಲಿ ಅಚ್ಚಾಗಿ, ಎರಡು ಶತಮಾನದ ಹಿಂದೆ ಶಾನುಭೋಗರು ಹೇಳಿದ ಮಾತುಗಳು ಕನ್ನಡದ ಓದುಗರಿಗೆ ಒಂದೆಡೆ ಸಿಕ್ಕವು.

ಎಲ್ಲಕ್ಕಿಂತ ಜೋರಾಗಿ ಬಂದದ್ದು ಸಿನಿಮಾ. 1972ರಲ್ಲಿ ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ಮಾಡಿದ ‘ನಾಗರಹಾವು’ ಚಿತ್ರದಲ್ಲಿ ಓಬವ್ವನ ಪ್ರಸಂಗ ಒಂದು ಹಾಡಾಯಿತು. ಜಯಂತಿ ಓಬವ್ವನಾದರು. ಕೋಟೆಯನ್ನೇ ನೋಡದ ಬೀದರಿನವರಿಗೂ ಮಡಿಕೇರಿಯವರಿಗೂ ಅಂದಿನಿಂದ ಓಬವ್ವ ಎಂದರೆ ಆ ಬಿಚ್ಚಿದ ಕೂದಲು, ಆ ಕಣ್ಣು, ಎತ್ತಿದ ಒನಕೆ. ದುರ್ಗದ ಅಜ್ಜಿಯರು ಹೇಳುತ್ತಿದ್ದ ಓಬವ್ವನಿಗೆ ಬೇರೆ ಮುಖವಿದ್ದಿರಬೇಕು. ಅದು ಆ ಹಾಡಿನ ಕೆಳಗೆ ಹೋಯಿತು. ಹಳೆಯ ಹಟ್ಟಿಯ ಹಾಡು ಮಾಡಿದ ಕೆಲಸವನ್ನೇ ಈ ಹಾಡೂ ಮಾಡಿತು. ಲಯವಿತ್ತು, ಜಾಗವಿತ್ತು, ಕಥೆ ಚಿಕ್ಕದಿತ್ತು.

ಬಾಯಿಮಾತಿನ ಓಬವ್ವನಿಗೆ ತಾರೀಖು ಇರಲಿಲ್ಲ. ಮುತ್ತಿಗೆ ನಡೆದ ಕಾಲ ಎಂದರೆ ಸಾಕಾಗುತ್ತಿತ್ತು. ಯಾವ ವರ್ಷದ ಮುತ್ತಿಗೆ ಎಂದು ಕೇಳುವವರೂ ಇರಲಿಲ್ಲ. ಸರ್ಕಾರಕ್ಕೆ ತಾರೀಖು ಬೇಕು. 2021ರಲ್ಲಿ ಕರ್ನಾಟಕ ಸರ್ಕಾರ ಒನಕೆ ಓಬವ್ವ ಜಯಂತಿಯನ್ನು ಆಚರಿಸಲು ತೀರ್ಮಾನಿಸಿ, ನವೆಂಬರ್ 11ನ್ನು ಗೊತ್ತುಮಾಡಿತು. ಈಗ ಶಾಲೆಯ ಮಕ್ಕಳು ಕಥೆಯ ಜೊತೆಗೆ ಆ ದಿನವನ್ನೂ ಕಲಿಯುತ್ತಾರೆ, ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಯಾವುದೋ ಹುಡುಗಿ ಒನಕೆ ಹಿಡಿದು ನಿಲ್ಲುತ್ತಾಳೆ.